ಕೊರಿಯರ್ ಬರಬೇಕಿತ್ತು, ಅವರೇ ಬಂದರು



ಭಾನುವಾರ ಬೆಳಗ್ಗೆ ಏಳೂವರೆ. ತಲೆಗೆ ಹರಳೆಣ್ಣೆ ತಟ್ಟಿಕೊಂಡು, ಹಳೇ ಪಂಚೆ ಸುತ್ತಿಕೊಂಡು ಹಿತ್ತಿಲ ಬಿಸಿಲಿನಲ್ಲಿ ಕೂತಿದ್ದೆ. ಕರೆಗಂಟೆ ಆಯಿತು. ಬಾಗಿಲು ತೆಗೆಯಲು ಹೋದ ನನ್ನ ಹೆಂಡತಿ ವಾಪಸ್ಸು ಬಂದು, "ಯಾರೋ ಮೇಷ್ಟ್ರ ಥರ ಇದಾರೆ. ನಿಮ್ಮ ಪೂರ್ತಿ ಹೆಸರು ಹಿಡಿದು ಕೇಳ್ತಿದಾರೆ. ಕಾಲ ಹತ್ತಿರ ಎರಡು ದೊಡ್ಡ ಕೈಚೀಲ ಇದೆ" ಅಂದಳು. ಟವೆಲ್ ಹೊದ್ದುಕೊಂಡು ಹೋದೆ. ಅರವತ್ತೈದರ ಆಸುಪಾಸಿನ ಹಿರಿಯರು. ಹೆಲ್ಮೆಟ್ ಕಂಕುಳಲ್ಲಿ. ನನ್ನ ಎಣ್ಣೆ ತಲೆ ನೋಡಿ ಅವರಿಗೂ ಮುಜುಗರವಾಯಿತು, ಆದರೂ ನಗುತ್ತಲೇ ಹೇಳಿದರು: "ಸಾರ್, ಕಿಟೆಲ್ ತಂದಿದೀನಿ."

ವಿಷಯ ಹೀಗೆ. ನಾಲ್ಕು ದಿನದ ಹಿಂದೆ ಹಳೇ ವಸ್ತುಗಳನ್ನು ಮಾರುವ ಒಂದು ಆನ್‌ಲೈನ್ ಅಂಗಡಿಯಲ್ಲಿ ಕಿಟೆಲ್ ಅವರ ಕನ್ನಡ ನಿಘಂಟು ಕಂಡಿತ್ತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ ಮೂಲ ಪ್ರತಿ ನಮ್ಮಂಥವರ ಕೈಗೆಟುಕುವುದಲ್ಲ. ಇದು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು. ಪುಸ್ತಕಕ್ಕೆ 4,200 ರೂಪಾಯಿ, ಕೊರಿಯರ್ ಖರ್ಚು 260. ಮಾರುವವರು ಯಾವ ಊರಿನವರು ಅಂತ ಅಲ್ಲಿ ಕಾಣುತ್ತಿರಲಿಲ್ಲ. ಆದರೆ ನಾನು ದುಡ್ಡು ಕಟ್ಟಿದ ಕ್ಷಣಕ್ಕೆ ನನ್ನ ಹೆಸರು, ಮನೆ ನಂಬರು, ಅಡ್ಡರಸ್ತೆ, ಫೋನು, ಎಲ್ಲವೂ ಅವರ ಕಣ್ಣ ಮುಂದೆ. ನೋಡಿದರೆ ನಾನು ಮೈಸೂರಿನ ಕುವೆಂಪುನಗರದವನು, ಅವರು ವಿದ್ಯಾರಣ್ಯಪುರದವರು. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. "ಇಷ್ಟು ಹತ್ತಿರಕ್ಕೆ ಕೊರಿಯರ್ ಯಾಕೆ ಸಾರ್? ಅವರು ಕಟ್ಟನ್ನ ಎತ್ತಿ ಬಿಸಾಕ್ತಾರೆ, ಮೂಲೆ ಎಲ್ಲ ಜಜ್ಜಿಹೋಗುತ್ತೆ" ಅಂದರು. ಮಾತು ನ್ಯಾಯವಾಗಿಯೇ ಇತ್ತು.

ಬಾಗಿಲಿಗೆ ಬಂದ ಹಿರಿಯರನ್ನು ನಿಲ್ಲಿಸಿ ಮಾತಾಡಿಸುವುದುಂಟೆ? ಒಳಗೆ ಕರೆದೆ. ಕಾಫಿ ಬಂತು, ಹಿಂದೆಯೇ ಉಪ್ಪಿಟ್ಟು ಬಂತು. ಯಾವ ಕಡೆಯವರು, ಮಕ್ಕಳೆಷ್ಟು, ಯಾರು ಎಲ್ಲಿದ್ದಾರೆ ಎಂಬ ವಿಚಾರಣೆ ಎರಡು ಕಡೆಯಿಂದಲೂ ಆಯಿತು. ಅವರ ಷಡ್ಡಕರೂ ನಮ್ಮಣ್ಣನೂ ಹಾಸನದಲ್ಲಿ ಒಂದೇ ಬ್ಯಾಂಕಿನಲ್ಲಿ ಇದ್ದವರು ಅಂತ ಗೊತ್ತಾದ ಮೇಲಂತೂ ಮುಗಿದೇ ಹೋಯಿತು. ಕಿಟೆಲ್ ಸಾಹೇಬರು ಚೀಲದಲ್ಲೇ ಇದ್ದರು. ತೆಗೆದು ನೋಡಬೇಕು ಅಂತ ನನಗೆ ಒಳಗೊಳಗೇ ಅನ್ನಿಸುತ್ತಿತ್ತು. ಆದರೆ ಉಪ್ಪಿಟ್ಟು ತಿನ್ನುತ್ತಿರುವ ಮನುಷ್ಯನ ಎದುರಿಗೆ ಅವರಪ್ಪನ ಪುಸ್ತಕದ ಹಾಳೆ ಎಣಿಸುವುದು ಹೇಗೆ? ಹೌದು, ಅವು ಅವರ ತಂದೆಯ ಪುಸ್ತಕಗಳು. ಮಗ ಹೊರದೇಶದಲ್ಲಿ, ಮನೆ ಚಿಕ್ಕದು ಮಾಡಿಕೊಳ್ಳುತ್ತಿದ್ದೇವೆ, ಕಪಾಟು ಖಾಲಿ ಮಾಡಬೇಕು ಅಂದಿದ್ದರು.

ಅವರು ಹೋದ ಮೇಲೆ ಸ್ನಾನ ಮುಗಿಸಿ, ಕೈ ಒರೆಸಿಕೊಂಡು ಒಂದೊಂದೇ ಸಂಪುಟ ತೆಗೆದೆ. ಮೊದಲ ಎರಡು ಚೆನ್ನಾಗಿದ್ದವು. ಮೂರನೆಯದರಲ್ಲಿ ಬೆಳ್ಳಿಮೀನು ಹುಳ ತನ್ನ ವ್ಯಾಸಂಗ ನಡೆಸಿತ್ತು. ಹೋಗಲಿ, ಹಳೇ ಪುಸ್ತಕ ಅಂದಮೇಲೆ ತೂತು ಇದ್ದದ್ದೇ. ಆದರೆ ನಡುವೆ ಒಂದು ಫಾರಮ್ಮು, ಹದಿನಾರು ಪುಟ, ಇರಲೇ ಇಲ್ಲ.

ಸಂಜೆ ಅವರದೇ ಫೋನು. "ಸಾರ್, ಅದರಲ್ಲಿ 'ವಸ್ತು ತಲುಪಿತು' ಅಂತ ಒಂದು ಒತ್ತಿಬಿಡಿ. ಟ್ರ್ಯಾಕಿಂಗ್ ನಂಬರ್ ಹಾಕಿ ಹಾಕಿ ಅಂತ ಕೇಳ್ತಾನೇ ಇದೆ. ನನ್ನ ಹತ್ತಿರ ಎಲ್ಲಿಂದ ಬರಬೇಕು?" ಈ ಅಂಗಡಿಯ ಪದ್ಧತಿ ಏನೆಂದರೆ, ವಸ್ತು ತಲುಪಿದ ಸಾಕ್ಷಿ ಸಿಗುವವರೆಗೆ ದುಡ್ಡು ಕೊಂಡವನ ಕೈ ಬಿಟ್ಟಿರುತ್ತದೆ, ಮಾರಿದವನ ಕೈ ಸೇರಿರುವುದಿಲ್ಲ. ನಡುವೆ ತ್ರಿಶಂಕುವಾಗಿ ನಿಂತಿರುತ್ತದೆ. ಕೊರಿಯರಿನವನ ರಸೀದಿ ಇದ್ದರೆ ಅದೇ ಸಾಕ್ಷಿ. ಅವರೇ ಹೊತ್ತು ತಂದದ್ದಕ್ಕೆ ಸಾಕ್ಷಿ ಅಂತ ಇದ್ದದ್ದು ನಾನೊಬ್ಬನೇ.

"ಮೇಷ್ಟ್ರೇ, ಮೂರನೇ ಸಂಪುಟದಲ್ಲಿ ಹದಿನಾರು ಪುಟ ಇಲ್ಲವಲ್ಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಾನು ಎದುರಿಗೇ ಕೂತಿದ್ದೆನಲ್ಲ ಸಾರ್. ಆವಾಗಲೇ ತೆಗೆದು ನೋಡಬಹುದಿತ್ತು."

"ನೀವು ಎದುರಿಗೆ ಕೂತಿದ್ದಿರಿ ಅಂತಲೇ ನೋಡಲಿಲ್ಲ."

ಕೇಳುಗರೇ, ಅಷ್ಟೂ ಜಗಳದಲ್ಲಿ ನಾನಾಡಿದ ಒಂದೇ ಒಂದು ಸತ್ಯವಾದ ಮಾತು ಇದು ಅಂತ ನನಗೆ ಈಗಲೂ ಅನ್ನಿಸುತ್ತದೆ. ಮುಂದಿನದೆಲ್ಲ ಮಾತಿಗೆ ಮಾತು. ಬಳಸದ ಕೊರಿಯರಿನ 260 ರೂಪಾಯಿ ಎಲ್ಲಿ ಅಂತ ನಾನು ಕೇಳಿದೆ. ಪೆಟ್ರೋಲಿಗೆ ಯಾರು ಕೊಡುತ್ತಾರೆ, ಬೆಳಗಿನ ಹೊತ್ತು ಸೊಂಟ ನೋವಿನಲ್ಲಿ ಎರಡು ಚೀಲ ಹೊತ್ತದ್ದಕ್ಕೆ ಯಾರು ಕೊಡುತ್ತಾರೆ ಅಂತ ಅವರು ಕೇಳಿದರು. ಕೊನೆಗೆ, "ನಿಮ್ಮ ಮನೆಯಲ್ಲಿ ಕಾಫಿ ಉಪ್ಪಿಟ್ಟು ತಗೊಂಡೆನಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿದುಬಿಡಿ" ಅಂದು ಫೋನಿಟ್ಟರು. ಆ ಮಾತು ಚುಚ್ಚಿತು. ಚುಚ್ಚಲಿ ಅಂತಲೇ ಆಡಿದ್ದು.

ನಮ್ಮಲ್ಲಿ ದಾಕ್ಷಿಣ್ಯ ಅಂತ ಒಂದು ಮಾತಿದೆ. ಎದುರಿಗೆ ಮುಖ ಇದ್ದಾಗ ಹುಟ್ಟುವುದು, ಮುಖ ಮರೆಯಾದ ಕೂಡಲೇ ಅರ್ಧ ಕರಗುವುದು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅಂತ ಗಾದೆ ಮಾಡಿಟ್ಟಿರುವ ಜನ ನಾವು. ಅಂಚೆಗಾಗಲಿ ಕೊರಿಯರಿಗಾಗಲಿ ಈ ದಾಕ್ಷಿಣ್ಯವೇ ಇಲ್ಲ. ತಂದವನಿಗೆ ಒಳಗೆ ಏನಿದೆ ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಅವನು ಬೆನ್ನು ತಿರುಗಿಸಿದ ಮೇಲೆ ನಾನು ಕಟ್ಟು ಬಿಚ್ಚಿ, ಮುಖ ಸಿಂಡರಿಸಿ, ಫೋಟೋ ಹೊಡೆದು, ವಾಪಸ್ಸು ಅಂತ ಬರೆದು ಹಾಕಬಹುದು. ಯಾರ ಮನಸ್ಸಿಗೂ ಬೇಸರವಿಲ್ಲ. ಆ 260 ರೂಪಾಯಿ ಬರೀ ಸಾಗಾಣಿಕೆಯ ಕೂಲಿ ಅಂತ ನಾನೂ ಅಂದುಕೊಂಡಿದ್ದೆ. ನಿಜ ನೋಡಿದರೆ ಮಾರುವವನಿಗೂ ನನಗೂ ನಡುವೆ ಒಂದು ಅಂತರ ಇರಲಿ ಅಂತ ತೆತ್ತ ದುಡ್ಡು ಅದು.

ಮನೆ ಬಾಗಿಲಿಗೆ ಪುಸ್ತಕ ಬರುವುದು ಕನ್ನಡಿಗರಿಗೆ ಹೊಸದೇನಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮನೆ ಮನೆಗೆ ಮಾರಿದವರು. ಆದರೆ ಅಲ್ಲಿ ಮೊದಲು ಬರುತ್ತಿದ್ದದ್ದು ಪುಸ್ತಕ. ಕೈಯಲ್ಲಿ ಹಿಡಿದು, ತಿರುವಿ ಹಾಕಿ, ಬೇಕು ಅನ್ನಿಸಿದರೆ ದುಡ್ಡು. ಬೇಡ ಅಂದರೆ ಇನ್ನೊಂದು ಮನೆ. ಇನ್ನೊಂದು ದಾರಿ ವಿ.ಪಿ.ಪಿ., ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಅಂಚೆ. ಅಂಚೆ ಇಲಾಖೆ ಅದನ್ನು ಶುರು ಮಾಡಿದ್ದು 1877ರಲ್ಲಿ. ನಾನು ಹುಡುಗನಾಗಿದ್ದಾಗಲೂ ಧಾರವಾಡದಿಂದಲೋ ಬೆಂಗಳೂರಿನಿಂದಲೋ ವಿ.ಪಿ. ಬಂದಿದೆ ಅಂದರೆ ಅಮ್ಮ ಡಬ್ಬಿಯಿಂದ ಚಿಲ್ಲರೆ ಹುಡುಕುತ್ತಿದ್ದಳು. ದುಡ್ಡು ಕೊಟ್ಟರೆ ಕಟ್ಟು, ಇಲ್ಲದಿದ್ದರೆ ಕಟ್ಟು ವಾಪಸ್ಸು. 2010ರಲ್ಲಿ ಫ್ಲಿಪ್‌ಕಾರ್ಟ್ 'ಕ್ಯಾಶ್ ಆನ್ ಡೆಲಿವರಿ' ತಂದಾಗ ಏನೋ ಹೊಸ ಜಾದೂ ಅನ್ನುವ ಹಾಗೆ ಪತ್ರಿಕೆಗಳು ಬರೆದವು. ಅದು ವಿ.ಪಿ.ಪಿ.ಯ ಮರಿಮಗ. ಈಗ ನನ್ನ ವ್ಯಾಪಾರದಲ್ಲಿ ಈ ಕ್ರಮವೇ ತಲೆಕೆಳಗಾಗಿತ್ತು. ದುಡ್ಡು ಮೊದಲು ಹೋಗಿತ್ತು, ವಸ್ತು ಆಮೇಲೆ, ಅದರ ಜೊತೆಗೆ ಮನುಷ್ಯನೂ ಬಂದ. ಗಳಗನಾಥರಿಗೆ ಬೇಡ ಅನ್ನಬಹುದಿತ್ತು. ಇವರಿಗೆ ಬೇಡ ಅನ್ನುವುದು ಹೇಗೆ?

ಈ ತಕರಾರು ನಮ್ಮದೊಂದೇ ಊರಿನದಲ್ಲ. ಅಪರಿಚಿತನಿಂದ ಅಪರಿಚಿತನಿಗೆ ಹಳೇ ಸಾಮಾನು ಮಾರುವುದನ್ನು ಲೋಕಕ್ಕೆ ಕಲಿಸಿದ್ದು ಅಮೆರಿಕದ ಈಬೇ. 1995ರಲ್ಲಿ ಅದರಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟ್‌ಗೆ. ನಮ್ಮ ಬಾಜೀ ಡಾಟ್ ಕಾಮ್ ಅನ್ನು ಅವರು 2004ರಲ್ಲಿ ಕೊಂಡು ಇಂಡಿಯಾಕ್ಕೆ ಬಂದರು, 2018ರಲ್ಲಿ ಆ ಅಂಗಡಿಗೆ ಬಾಗಿಲು ಬಿತ್ತು. ಅಮೆರಿಕದ ಈಬೇಯ ಲೆಕ್ಕಾಚಾರ ಕೇಳಿ. ಕೊಂಡವನು 'ನನಗೆ ವಸ್ತು ಬಂದಿಲ್ಲ' ಅಂದರೆ ಮಾರಿದವನು ಟ್ರ್ಯಾಕಿಂಗ್ ತೋರಿಸಬೇಕು. 750 ಡಾಲರ್ ಅಥವಾ ಅದಕ್ಕಿಂತ ಬೆಲೆಯದ್ದಾದರೆ ಪಡೆದವರ ಸಹಿಯೂ ಬೇಕು. ಪಕ್ಕದ ಬೀದಿ ತಾನೇ ಅಂತ ಕಾರಿನಲ್ಲಿ ಹೋಗಿ ಕೈಯಲ್ಲಿ ಕೊಟ್ಟು ಬಂದವನ ಹತ್ತಿರ ಎರಡೂ ಇರುವುದಿಲ್ಲ. ಇನ್ನು ಅಂಚೆ ಖರ್ಚು. ಬಳಸದ ಅಂಚೆ ಖರ್ಚನ್ನು ವಾಪಸ್ಸು ಕೊಡು ಅಂತ ಕೊಂಡವನು. ಆ ಅಂಚೆ ಖರ್ಚಿನ ಮೇಲೂ ಅಂಗಡಿ ನನ್ನಿಂದ ಕಮಿಷನ್ ಹಿಡಿದುಕೊಂಡಿದೆಯಲ್ಲ ಅಂತ ಮಾರಿದವನು. ಜಗಳ ಮುಗಿದ ಮೇಲೆ ಮನಸ್ಸಿನ ಕಹಿ ತೀರಿಸಿಕೊಳ್ಳಲು ಇರುವುದು ಅಭಿಪ್ರಾಯ ಬರೆಯುವ ಜಾಗ. 2008ರಿಂದ ಅಲ್ಲಿ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟದ್ದು ಬರೆಯುವಂತಿಲ್ಲ. ಕೊಂಡವರು ಬರೆಯಬಹುದು. ಹಾಗಾಗಿ ಉಪಕಾರ ಮಾಡಲು ಹೋದವನೇ ಕೆಂಪು ಗುರುತು ಹಚ್ಚಿಸಿಕೊಂಡು ಬರುತ್ತಾನೆ.

ನನ್ನದು ಎಣ್ಣೆ ತಲೆಯ ಮುಜುಗರ, ನಕ್ಕು ಬಿಡಬಹುದು. ನಮ್ಮಕ್ಕನ ಮಗಳದು ಹಾಗಲ್ಲ.

ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಬ್ಬಳೇ ಇರುತ್ತಾಳೆ. ಹಳೇ ಗಿಟಾರ್ ಒಂದನ್ನು ಆನ್‌ಲೈನಿನಲ್ಲಿ ಕೊಂಡಳು, ಕೊರಿಯರ್ ದುಡ್ಡೂ ಸೇರಿಸಿ ಕಟ್ಟಿದಳು. ರಾತ್ರಿ ಒಂಬತ್ತು ಗಂಟೆಗೆ ಕೆಳಗಿನಿಂದ ಸೆಕ್ಯುರಿಟಿಯವರ ಫೋನು, "ಮೇಡಂ, ಗಿಟಾರ್ ಅಂತ ಯಾರೋ ಬಂದಿದಾರೆ, ಮೇಲೆ ಬಿಡ್ಲಾ?" ಮಾರಿದ ಹುಡುಗ. ಆಫೀಸಿನಿಂದ ಮನೆಗೆ ಹೋಗುವ ದಾರಿ, ಹಾಗೇ ಕೊಟ್ಟು ಹೋಗೋಣ ಅಂತ ಬಂದಿದ್ದನಂತೆ. ಅವಳು ಬೇಡ ಅಂದಳು. ಗೇಟಿನಲ್ಲಿ ಬಿಟ್ಟು ಹೋಗಲು ಅವನು ಒಪ್ಪಲಿಲ್ಲ, ಅದು ದುಬಾರಿ ವಸ್ತು. ನುಡಿಸಿ ತೋರಿಸುತ್ತೇನೆ, ತಂತಿ ಹೇಗೆ ಬಿಗಿಯಬೇಕು ಅಂತ ಹೇಳಿಕೊಡುತ್ತೇನೆ ಅಂದನಂತೆ. ಅವಳು ಕೆಳಗಿಳಿಯಲೂ ಇಲ್ಲ. ಅವನು ಗಿಟಾರ್ ವಾಪಸ್ಸು ತೆಗೆದುಕೊಂಡು ಹೋಗಿ, ಆರ್ಡರ್ ರದ್ದು ಮಾಡಿ, 'ಮನೆ ತನಕ ಹೋದರೂ ಮರ್ಯಾದೆ ಗೊತ್ತಿಲ್ಲದವರು' ಅಂತ ಮೆಸೇಜು ಹಾಕಿದ.

ನನಗೆ ಫೋನ್ ಮಾಡಿ ಕೇಳಿದಳು: "ಮಾಮ, ನಾನು ತಪ್ಪು ಮಾಡಿದೆನಾ?" ನಾನು ಮೊದಲು ಆ ಹುಡುಗನ ಪರವಾಗಿ ಏನೋ ಗೊಣಗಿದೆ. ಪಾಪ, ಒಳ್ಳೇ ಮನಸ್ಸಿನಿಂದ ಬಂದಿರಬಹುದು ಅಂತ. ಅವಳು ಹೇಳಿದ ಮಾತು ಕೇಳಿ ಬಾಯಿ ಮುಚ್ಚಿದೆ. "ಅಡ್ರೆಸ್ಸು ಕೊಟ್ಟಿದ್ದು ಕೊರಿಯರಿಗೆ ಮಾಮ, ಅವನಿಗಲ್ಲ. ಕೊರಿಯರಿನವನು ನಾಳೆ ನನ್ನನ್ನ ನೆನಪಿಟ್ಟುಕೊಂಡಿರಲ್ಲ. ಇವನು ಇಟ್ಟುಕೊಂಡಿರ್ತಾನೆ."

ಇದಾದ ಮೇಲೆ ಕಾನೂನು ಏನನ್ನುತ್ತದೆ ಅಂತ ವಕೀಲ ಗೆಳೆಯರೊಬ್ಬರ ಕಚೇರಿಯಲ್ಲಿ ಕೂತು ಓದಿದೆ. ಸರಕು ಮಾರಾಟದ ಅಧಿನಿಯಮ, 1930ರದು. ಅದನ್ನು ಬರೆದವರು ಇಂಟರ್‌ನೆಟ್ಟನ್ನು ಕನಸಿನಲ್ಲೂ ಕಂಡಿರಲಾರರು. ಆದರೂ ಅದರ 36ನೇ ಕಲಮಿನಲ್ಲಿ ನಮ್ಮ ಹುಡುಗಿಗೆ ಬೇಕಾದ ಮಾತು ಸಿಕ್ಕಿತು. ಸರಕನ್ನು ಒಪ್ಪಿಸಲು ಬರುವುದು ಸಮಂಜಸವಾದ ಹೊತ್ತಿನಲ್ಲಿ ಇರಬೇಕು, ಇಲ್ಲದಿದ್ದರೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯದೆ ಇರಬಹುದು. ಸಮಂಜಸವಾದ ಹೊತ್ತು ಯಾವುದು? ಅದು ಆಯಾ ಸಂದರ್ಭದ ಸಂಗತಿ ನೋಡಿ ತೀರ್ಮಾನಿಸುವಂಥದ್ದು. ಒಬ್ಬಳೇ ಇರುವ ಹುಡುಗಿಯ ಮನೆಗೆ ಹೇಳದೆ ಕೇಳದೆ ರಾತ್ರಿ ಒಂಬತ್ತಕ್ಕೆ ಹೋಗುವುದು ಸಮಂಜಸ ಅಂತ ವಾದಿಸುವ ವಕೀಲರು ಸಿಗಬಹುದು, ನನ್ನ ಗೆಳೆಯರಂತೂ ಸಿದ್ಧರಿರಲಿಲ್ಲ.

ಅದೇ ಅಧಿನಿಯಮದ 41ನೇ ಕಲಮು ನನ್ನ ಪಾಲಿಗೆ. ಮೊದಲೇ ನೋಡದ ಸರಕನ್ನು ಪರೀಕ್ಷಿಸಲು ತಕ್ಕಷ್ಟು ಅವಕಾಶ ಸಿಗುವ ತನಕ ಕೊಂಡವನು ಅದನ್ನು ಒಪ್ಪಿಕೊಂಡ ಅಂತ ಆಗುವುದಿಲ್ಲ. ಅಂದರೆ ಚೀಲ ಒಳಗಿಟ್ಟುಕೊಂಡು ಕಾಫಿ ಕೊಟ್ಟ ಮಾತ್ರಕ್ಕೆ ಒಪ್ಪಿದ ಹಾಗಲ್ಲ! ಆದರೆ ಸುಮ್ಮನೆ ವಾರಗಟ್ಟಲೆ ಇಟ್ಟುಕೊಂಡು ಕೂತರೆ ಒಪ್ಪಿದ ಹಾಗೇ. ಮಾರುವವರಿಗೂ ಒಂದು ಕಲಮಿದೆ, 39. ಒಪ್ಪಂದದ ಪ್ರಕಾರ ಸರಕನ್ನು ಸಾಗಿಸುವವನ ಕೈಗೆ ಕೊಟ್ಟರೆ, ಮೇಲ್ನೋಟಕ್ಕೆ ಅದು ಕೊಂಡವನಿಗೇ ಕೊಟ್ಟಂತೆ. ಮೇಷ್ಟ್ರು ತಾವೇ ಹೊತ್ತು ತಂದು, ಕಾನೂನು ಕೊಡಮಾಡಿದ್ದ ಆ ಆಸರೆಯನ್ನು ಸ್ಕೂಟರಿನ ಹಿಂದೆ ಬಿಟ್ಟು ಬಂದಿದ್ದರು. ದಾರಿಯಲ್ಲಿ ಮಳೆ ಬಂದು ಕಿಟೆಲ್ ನೆನೆದಿದ್ದರೆ ಯಾರನ್ನು ಹಿಡಿಯಬೇಕಿತ್ತು?

ಗ್ರಾಹಕರ ಕಾನೂನಿಗೆ ಹೋಗಬಹುದಲ್ಲ ಅಂತ ನೀವು ಕೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಕೆಳಗೆ 2020ರಲ್ಲಿ ಇ-ಕಾಮರ್ಸ್ ನಿಯಮಗಳು ಬಂದಿವೆ, 1915ಕ್ಕೆ ಫೋನ್ ಮಾಡಿ ದೂರನ್ನೂ ಕೊಡಬಹುದು. ದೊಡ್ಡ ಅಂಗಡಿ, ದಿನಾ ಮಾರುವ ವ್ಯಾಪಾರಿ ಆದರೆ ಅದು ಸರಿ. ಅಪ್ಪನ ಕಪಾಟು ಖಾಲಿ ಮಾಡುತ್ತಿರುವ ನಿವೃತ್ತ ಮೇಷ್ಟ್ರಿಗೆ ಆ ನಿಯಮಗಳು ಅನ್ವಯಿಸುವುದಿಲ್ಲ. ನಿತ್ಯದ ಕಸುಬಲ್ಲದೆ, ಸ್ವಂತಕ್ಕೆ ಅಂತ ಒಂದೆರಡು ವಸ್ತು ಮಾರುವವರನ್ನು ಅವು ಹೊರಗಿಟ್ಟಿವೆ. ಹಾಗೆ ಹೊರಗಿಟ್ಟದ್ದೇ ಸರಿ ಅಂತ ನನ್ನ ಎಣಿಕೆ. ಹದಿನಾರು ಪುಟಕ್ಕೆ ಆ ಮನುಷ್ಯನನ್ನು ಆಯೋಗದ ಮೆಟ್ಟಿಲು ಹತ್ತಿಸುವುದು ಅಂದರೆ ಅದು ಇನ್ನೊಂದು ಜಗಳ.

ಮಾರುವವರಿಗೂ ನೋವಾಗುತ್ತದೆ, ಅದನ್ನೂ ಹೇಳಬೇಕು. ನಮ್ಮ ಬೀದಿಯಲ್ಲಿ ಸೀರೆಗೆ ಕುಚ್ಚು ಹಾಕುವ ಹೆಣ್ಣುಮಗಳೊಬ್ಬಳಿದ್ದಾಳೆ. ಫೋನಿನಲ್ಲೇ ಫೋಟೋ ತೋರಿಸಿ ಕುಚ್ಚು ಹಾಕಿದ ಸೀರೆಗಳನ್ನು ಮಾರುತ್ತಾಳೆ. ಊರೊಳಗಿನ ಆರ್ಡರಾದರೆ ಗಂಡ ಕೆಲಸಕ್ಕೆ ಹೋಗುವಾಗ ಕೊಟ್ಟು ಹೋಗುತ್ತಾನೆ. ಒಮ್ಮೆ ಒಂದು ರೇಷ್ಮೆ ಸೀರೆಯನ್ನು ಗೇಟಿನಲ್ಲಿದ್ದ ಅಜ್ಜಿಯೊಬ್ಬರ ಕೈಗೆ ಕೊಟ್ಟು ಬಂದ. ಕೊಂಡವಳು, "ನನಗೆ ಬಂದೇ ಇಲ್ಲ" ಅಂದಳು. ಯಾವ ಅಜ್ಜಿ? ಅತ್ತೆಯೋ, ಬಾಡಿಗೆಯವರೋ, ಪಕ್ಕದ ಮನೆಯವರೋ? ಇವನಿಗೆ ಹೆಸರು ಗೊತ್ತಿಲ್ಲ, ಫೋಟೋ ತೆಗೆದಿಲ್ಲ. ದುಡ್ಡು ವಾಪಸ್ಸು ಕೊಟ್ಟರು, ಸೀರೆಯೂ ಹೋಯಿತು. ಮೂರು ತಿಂಗಳಾದ ಮೇಲೆ ಯಾವುದೋ ಮದುವೆಮನೆಯಲ್ಲಿ ತನ್ನ ಕೈಯ ಕುಚ್ಚನ್ನು ತಾನೇ ಗುರುತು ಹಿಡಿದಳು. ಉಟ್ಟವರು ಆ ಅಜ್ಜಿಯಲ್ಲ, ಕೊಂಡವಳೂ ಅಲ್ಲ. ಮಾತಾಡಿಸದೆ ಊಟ ಮಾಡಿ ಬಂದೆ ಅಂದಳು. ಈಗ ಎರಡು ಬೀದಿ ಆಚೆಗೂ ಸ್ಪೀಡ್ ಪೋಸ್ಟೇ.

ಬೆಂಗಳೂರಿನವರು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಮನೆ ಬೇಡ, ಮೆಟ್ರೋ ಸ್ಟೇಷನ್ನಿನ ಗೇಟಿನ ಹತ್ತಿರ ಬನ್ನಿ ಅನ್ನುತ್ತಾರೆ. ಜನ ಇರುತ್ತಾರೆ, ಕ್ಯಾಮೆರಾ ಇರುತ್ತದೆ, ಬಿಚ್ಚಿ ನೋಡಬಹುದು, ಕಾಫಿ ಕೊಡಬೇಕಾಗಿಲ್ಲ. ಅಮೆರಿಕದಲ್ಲಂತೂ ಎಷ್ಟೋ ಪೊಲೀಸ್ ಠಾಣೆಗಳು ತಮ್ಮ ಅಂಗಳದಲ್ಲೇ ಕ್ಯಾಮೆರಾ ಕೆಳಗೆ ಇಂಥ ಕೈಬದಲಿಗೆ ಜಾಗ ಗುರುತು ಮಾಡಿಕೊಟ್ಟಿವೆ. ಬೆಂಗಳೂರಿನಲ್ಲಿ ವಾಟ್ಸಾಪ್ ಗುಂಪಾಗಿ ಹುಟ್ಟಿದ ಡಂಜೋ ನಾಲ್ಕು ಕಾಲ ಬಾಳಿದ್ದೂ ಇಂಥದ್ದಕ್ಕೇ. ಊರೊಳಗೆ ಒಬ್ಬರ ಬಾಗಿಲಿನಿಂದ ಇನ್ನೊಬ್ಬರ ಬಾಗಿಲಿಗೆ, ಇಬ್ಬರಿಗೂ ಗೊತ್ತಿಲ್ಲದ ಮೂರನೆಯವನು ಸಾಗಿಸುತ್ತಿದ್ದ. 'ಡಂಜೋ ಮಾಡು' ಅಂತ ಕ್ರಿಯಾಪದವೇ ಹುಟ್ಟಿತ್ತು. ಅಂಗಡಿ ಮುಚ್ಚಿದರೂ ಆ ಮೂರನೆಯವನ ಅಗತ್ಯ ಮುಗಿದಿಲ್ಲ, ಬೇರೆ ಬಣ್ಣದ ಟೀ ಷರಟು ಹಾಕಿಕೊಂಡು ಓಡಾಡುತ್ತಿದ್ದಾನೆ.

ನನ್ನನ್ನು ಕೇಳಿದರೆ ಬರುವುದು ತಪ್ಪಲ್ಲ, ಹೇಳದೆ ಬರುವುದು ತಪ್ಪು. 'ಹತ್ತಿರದಲ್ಲೇ ಇದ್ದೇನೆ, ನಾನೇ ತಂದುಕೊಡಲೇ, ಕೊರಿಯರ್ ದುಡ್ಡು ಕಳೆಯೋಣವೇ' ಅಂತ ಮೇಷ್ಟ್ರು ಒಂದು ಸಾಲು ಕಳಿಸಿದ್ದರೆ ನಾನು ಖುಷಿಯಾಗಿ ಬನ್ನಿ ಅನ್ನುತ್ತಿದ್ದೆ. ಎಣ್ಣೆ ಹಚ್ಚಿಕೊಳ್ಳುವುದನ್ನು ಮುಂದಿನ ಭಾನುವಾರಕ್ಕೆ ಹಾಕುತ್ತಿದ್ದೆ. ಅವರಿಗೆ ಅದು ಹೊಳೆಯಲಿಲ್ಲ. ಯಾಕೆಂದರೆ ಅವರ ಕಾಲದಲ್ಲಿ ಯಾರ ಮನೆಗೆ ಹೋಗಬೇಕಾದರೂ ಮುಂಚೆ ಹೇಳಿ ಹೋದವರೇ ಇಲ್ಲ. ನನ್ನ ಕಾಲದಲ್ಲೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಫೋನು ನೋಡಿಕೊಂಡು ಕೂತೆ. ಮೂರನೇ ದಿನ ನಾನೇ 'ವಸ್ತು ತಲುಪಿತು' ಅಂತ ಒತ್ತಿದೆ. ತಲುಪಿದ್ದು ನಿಜ ತಾನೇ? 260ರ ಮಾತು ಎತ್ತಲಿಲ್ಲ, ಹದಿನಾರು ಪುಟದ ಬಗ್ಗೆಯೂ ಬರೆಯಲಿಲ್ಲ. ಹೆಂಡತಿ ಕೇಳಿದ್ದಕ್ಕೆ, "ಅಣ್ಣನ ಸ್ನೇಹಿತರ ಷಡ್ಡಕ" ಅಂದೆ. ಅವಳು ನಕ್ಕಳು.

ವಾರ ಕಳೆಯಿತು. ಒಂದು ಮಧ್ಯಾಹ್ನ ಅಂಚೆಯವರು ಬೆಲ್ಲು ಮಾಡಿದರು. ಸ್ಪೀಡ್ ಪೋಸ್ಟ್, ಕಂದು ಲಕೋಟೆ. ಕಳಿಸಿದವರ ವಿಳಾಸ ವಿದ್ಯಾರಣ್ಯಪುರ. ಒಳಗೆ ಹದಿನಾರು ಪುಟದ ಜೆರಾಕ್ಸ್, ಯಾವುದೋ ಗ್ರಂಥಾಲಯದ ಮೊಹರಿನ ನೆರಳು ಸಮೇತ. ಪುಟಗಳ ಅಂಚನ್ನು ಕಿಟೆಲ್ ಸಂಪುಟದ ಅಳತೆಗೆ ಸರಿಯಾಗಿ ಕತ್ತರಿಸಿದ್ದರು, ಅಂಟಿಸಲು ಎಡಗಡೆ ಒಂದು ಬೆರಳಿನಷ್ಟು ಜಾಗ ಬಿಟ್ಟು. ಜೊತೆಗೆ ಇನ್ನೊಂದು ಚಿಕ್ಕ ಲಕೋಟೆ, ಅದರಲ್ಲಿ ಇನ್ನೂರರ ಒಂದು ನೋಟು, ಐವತ್ತರ ಒಂದು, ಹತ್ತರ ಒಂದು. ಪತ್ರ ಇರಲಿಲ್ಲ. ಹತ್ತು ನಿಮಿಷದ ದಾರಿಗೆ ಅದು ಮೂರು ದಿನ ತೆಗೆದುಕೊಂಡಿತ್ತು.

ಅಂಚೆಯವರು ಸಹಿ ಹಾಕಿಸಿಕೊಂಡರು. ಬಿಸಿಲು ಜೋರಾಗಿತ್ತು, ನೀರು ಕೊಡಲೇ ಅಂತ ಕೇಳಿದೆ. "ಬೇಡಿ ಸಾರ್, ಇನ್ನೂ ನಲವತ್ತು ಮನೆ ಇದೆ" ಅಂದು ಸೈಕಲ್ ಹತ್ತಿದರು.